ಹೂವಿನ ಕ್ಲೋಸಪ್ ಕೈಕೊಟ್ಟಾಗ: ಸಣ್ಣ ಕ್ಯಾಮೆರಾದಲ್ಲಿ ದೋಷ ಹುಡುಕುವ ಬಗೆ

ಹೂವಿನ ಹತ್ತಿರದ ಫೋಟೋ ಕೆಟ್ಟರೆ ಬೈಗುಳ ಮೊದಲು ಬೀಳುವುದು ಕ್ಯಾಮೆರಾಗೆ. ಜೇಬಿಗೆ ಹಿಡಿಯುವ ಕ್ಯಾಮೆರಾ, ಇದರಲ್ಲಿ ಬರೋದೇ ಇಷ್ಟು ಅಂದುಕೊಂಡು ಎಷ್ಟೋ ಜನ ಅದನ್ನು ಬೀರುವಿಗೆ ಸೇರಿಸಿಬಿಡುತ್ತಾರೆ. ನನಗೆ ಇದು ತುಂಬ ಬೇಸರ ತರುತ್ತದೆ. ಹೂವಿನ ಮಟ್ಟಿಗೆ ಸಣ್ಣ ಕ್ಯಾಮೆರಾ ನಿಜಕ್ಕೂ ಒಳ್ಳೆಯ ಸಾಧನ. ಅದು ಎಸಳಿನ ಪಕ್ಕಕ್ಕೇ ಹೋಗಬಲ್ಲದು. ದೊಡ್ಡ ಕ್ಯಾಮೆರಾಗಿಂತ ಹೆಚ್ಚು ಆಳವನ್ನು ಸ್ಪಷ್ಟವಾಗಿ ತೋರಿಸಬಲ್ಲದು. ಇನ್ನು ಫೋಟೋ ಯಾಕೆ ಕೆಟ್ಟಿತು ಅನ್ನುವುದರ ಸುಳಿವು ಹೆಚ್ಚಿನ ಸಲ ಆ ಫೋಟೋದಲ್ಲೇ ಇರುತ್ತದೆ.

ಆದ್ದರಿಂದ ಕೆಟ್ಟ ಫೋಟೋಗಳನ್ನು ಕೂಡಲೇ ಅಳಿಸಬೇಡಿ. ದೋಷ ಹುಡುಕಲು ಅವೇ ಬೇಕು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಫೋಟೋವೂ ಚೆನ್ನಾಗೇ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ, ಪೂರ್ತಿ ಅಳತೆಗೆ ಹಿಗ್ಗಿಸಿ ನೋಡಿ. ಜೊತೆಗೆ ಫೋಟೋದ ವಿವರ ತೆರೆಯಿರಿ. ಶಟರ್ ಸ್ಪೀಡ್ (ಬೆಳಕು ಒಳಗೆ ಬಿಟ್ಟ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಎಫ್ ನಂಬರ್ (ಲೆನ್ಸಿನ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು), ಫ್ಲ್ಯಾಶ್ ಬಿದ್ದಿತ್ತೋ ಇಲ್ಲವೋ, ಎಲ್ಲವನ್ನೂ ಕ್ಯಾಮೆರಾ ತಾನಾಗಿ ಬರೆದಿಟ್ಟಿರುತ್ತದೆ.

ಪರೀಕ್ಷೆಗೆ ನಾನು ಕೆಂಪು ದಾಸವಾಳವನ್ನೇ ಹೇಳುತ್ತೇನೆ. ಬೇಲಿಯಲ್ಲಿ ಸುಲಭವಾಗಿ ಸಿಗುತ್ತದೆ. ಹೂವು ದೊಡ್ಡದು. ಕೇಸರದ ಕಂಬ ಎಸಳಿನಿಂದ ಬಹಳ ಮುಂದಕ್ಕೆ ಚಾಚಿರುವುದರಿಂದ ಫೋಕಸ್ ಎಲ್ಲಿ ಬಿದ್ದಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಆ ಕೆಂಪು ಬಣ್ಣವಂತೂ ಯಾವ ಕ್ಯಾಮೆರಾಗೂ ಕಷ್ಟದ್ದೇ. ಇದರಲ್ಲಿ ಪಾಸಾದ ಕ್ಯಾಮೆರಾಗೆ ಸೇವಂತಿಗೆ, ಕನಕಾಂಬರ ಎಲ್ಲ ಸಲೀಸು.

ಎಲ್ಲಾದರೂ ಶಾರ್ಪ್ ಇದೆಯಾ?

ಹಿಗ್ಗಿಸಿದ ಫೋಟೋದ ಮುಂದೆ ಕೂತು ಕೇಳಬೇಕಾದ ಮೊದಲ ಪ್ರಶ್ನೆ ಇದು. ಹೂವು ಬಿಡಿ. ಇಡೀ ಫೋಟೋದಲ್ಲಿ ಎಲ್ಲಾದರೂ, ಹಿಂದಿನ ಎಲೆಯಲ್ಲಾಗಲಿ, ಪಕ್ಕದ ಕಡ್ಡಿಯಲ್ಲಾಗಲಿ, ಒಂದು ಜಾಗ ಸ್ಪಷ್ಟವಾಗಿದೆಯಾ?

ಇದ್ದರೆ ಲೆನ್ಸ್ ಸರಿಯಿದೆ, ಕೈ ಅಲುಗಿಲ್ಲ. ಫೋಕಸ್ ಬೇರೆ ಕಡೆ ಬಿದ್ದಿದೆ ಅಷ್ಟೆ. ಆದರೆ ಹೂವು ಮಾತ್ರ ಎಳೆದ ಹಾಗಿದ್ದು ಅದೇ ದೂರದಲ್ಲಿರುವ ಎಲೆ ಸ್ಪಷ್ಟವಾಗಿದ್ದರೆ ಅದು ಗಾಳಿ.

ಎಲ್ಲೂ ಇಲ್ಲದಿದ್ದರೆ ಮಬ್ಬು ಯಾವ ಥರ ಇದೆ ನೋಡಿ. ಅಂಚುಗಳು ಒಂದೇ ದಿಕ್ಕಿಗೆ ಎಳೆದ ಹಾಗಿದ್ದು, ಇಬ್ಬನಿಯ ಹೊಳೆಯುವ ಚುಕ್ಕಿ ಸಣ್ಣ ಗೆರೆಯಾಗಿದ್ದರೆ ಅದು ಅಲುಗಾಟ. ದಿಕ್ಕೇ ಇಲ್ಲದೆ ಎಲ್ಲ ಕಡೆಗೂ ಸಮನಾಗಿ ಮೆತ್ತಗಿದ್ದರೆ ನೀವು ಮಿತಿ ಮೀರಿ ಹತ್ತಿರ ಹೋಗಿದ್ದೀರಿ. ಮೆತ್ತಗಿರುವುದರ ಜೊತೆಗೆ ಹಾಲು ಕದಡಿದ ಹಾಗೆ ಬಿಳಿಚಿಕೊಂಡಿದ್ದರೆ ಗಾಜಿನ ಮೇಲೆ ಏನೋ ಇದೆ.

ಇವುಗಳಲ್ಲಿ ಯಾವುದು ಅಂತ ಗೊತ್ತಾಗುವ ಮುಂಚೆ ಮೆನುವಿಗೆ ಕೈ ಹಾಕಬೇಡಿ. ಒಂದೇ ಸಲ ಮೂರು ಸೆಟ್ಟಿಂಗ್ ಬದಲಿಸಿದರೆ, ಫೋಟೋ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಬೀಪ್ ಬರುವುದಿಲ್ಲ, ಚೌಕ ಹಸಿರಾಗುವುದಿಲ್ಲ

ನಾನು ಕಂಡ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಜನರನ್ನು ಕಾಡುವ ದೋಷ ಇದೇ. ಫೋಟೋ ತೆಗೆಯುವ ಬಟನ್ ಅರ್ಧ ಒತ್ತಿದಾಗ ಫೋಕಸ್ ಸಿಕ್ಕರೆ ಬೀಪ್ ಬಂದು ಪರದೆಯ ಮೇಲಿನ ಚೌಕ ಹಸಿರಾಗಬೇಕು. ಇಲ್ಲಿ ಲೆನ್ಸ್ ಹಿಂದೆ ಮುಂದೆ ಸರಿದಾಡುತ್ತದೆ. ಕೊನೆಗೆ ಚೌಕ ಕೆಂಪಗೋ ಹಳದಿಗೋ ತಿರುಗಿ ನಿಂತುಬಿಡುತ್ತದೆ.

ಮೊದಲು ಮ್ಯಾಕ್ರೋ ಮೋಡ್, ಅಂದರೆ ಹತ್ತಿರದ ಫೋಟೋಗೆಂದೇ ಇರುವ ಸೆಟ್ಟಿಂಗ್, ಆನ್ ಇದೆಯಾ ನೋಡಿ. ಹೂವಿನ ಚಿಹ್ನೆ ಅದರದು. ಅದು ಆಫ್ ಇದ್ದರೆ ಎಷ್ಟೋ ಕ್ಯಾಮೆರಾಗಳು ಹತ್ತಿರದ ದೂರಗಳನ್ನು ಹುಡುಕುವುದೇ ಇಲ್ಲ. ಕ್ಯಾಮೆರಾ ಆಫ್ ಮಾಡಿದಾಗ ಕೆಲವು ಮಾಡೆಲ್‌ಗಳಲ್ಲಿ ಮ್ಯಾಕ್ರೋ ಕೂಡ ತಾನಾಗಿ ಆಫ್ ಆಗುತ್ತದೆ. ಹಾಗಾಗಿ ನಿನ್ನೆ ಹಾಕಿದ್ದು ಇವತ್ತೂ ಇದೆ ಅಂತ ನಂಬಬೇಡಿ.

ಮ್ಯಾಕ್ರೋ ಇದ್ದೂ ಹಿಡಿಯುತ್ತಿಲ್ಲ ಅಂದರೆ ಕಾರಣ ಹೆಚ್ಚುಕಡಿಮೆ ಯಾವಾಗಲೂ ಝೂಮ್. ಪೆಟ್ಟಿಗೆಯ ಮೇಲೆ 'ಮ್ಯಾಕ್ರೋ 1 ಸೆಂ.ಮೀ.' ಅಂತಲೋ '5 ಸೆಂ.ಮೀ.' ಅಂತಲೋ ದೊಡ್ಡದಾಗಿ ಬರೆದಿರುತ್ತದೆ. ಆ ಅಂಕಿ ಝೂಮ್ ಪೂರ್ತಿ ಹೊರಗಿದ್ದಾಗ, ಅಂದರೆ ಅತಿ ಅಗಲದ ನೋಟದಲ್ಲಿ ಮಾತ್ರ ನಿಜ. ಝೂಮ್ ಮಾಡುತ್ತಾ ಹೋದ ಹಾಗೆ ಕ್ಯಾಮೆರಾ ಫೋಕಸ್ ಮಾಡಬಲ್ಲ ಕನಿಷ್ಠ ದೂರ ಏರುತ್ತಾ ಹೋಗುತ್ತದೆ. ಸೋನಿ 2012ರಲ್ಲಿ ತಂದ ಮೊದಲ ಆರ್‌ಎಕ್ಸ್ 100 ನೋಡಿ. ಅಗಲದ ತುದಿಯಲ್ಲಿ 5 ಸೆಂ.ಮೀ.ಗೆ ಫೋಕಸ್ ಮಾಡುತ್ತದೆ. ಝೂಮ್ ತುದಿಯಲ್ಲಿ 55 ಸೆಂ.ಮೀ. ದೂರ ಬೇಕೇ ಬೇಕು. ಹೂವಿನಿಂದ ಒಂದು ಗೇಣು ದೂರ ನಿಂತು ಪೂರ್ತಿ ಝೂಮ್ ಮಾಡಿದರೆ ಪಾಪ ಅದು ಏನು ಮಾಡೀತು?

ಎಲ್ಲ ಕ್ಯಾಮೆರಾಗಳೂ ಹೀಗೇ ಅಲ್ಲ. ನಿಕಾನ್‌ನ ಹಲವು ಕೂಲ್‌ಪಿಕ್ಸ್ ಮಾಡೆಲ್‌ಗಳಲ್ಲಿ ಅತಿ ಹತ್ತಿರದ ಫೋಕಸ್ ಸಿಗುವುದು ಝೂಮ್‌ನ ಒಂದು ನಿರ್ದಿಷ್ಟ ಜಾಗದಲ್ಲಿ. ಅಲ್ಲಿಗೆ ಬಂದಾಗ ಪರದೆಯ ಮೇಲಿನ ಹೂವಿನ ಚಿಹ್ನೆ ಬಣ್ಣ ಬದಲಿಸುತ್ತದೆ. 2002ರ ಕೂಲ್‌ಪಿಕ್ಸ್ 4500 ಹೀಗೆ 2 ಸೆಂ.ಮೀ.ವರೆಗೂ ಹೋಗುತ್ತಿತ್ತು. ಒಲಿಂಪಸ್‌ನ ಟಿಜಿ ಸಾಲಿನ ಕ್ಯಾಮೆರಾಗಳಲ್ಲಿರುವ ಮೈಕ್ರೋಸ್ಕೋಪ್ ಮೋಡ್ ಝೂಮ್ ಮಾಡಿದಾಗಲೂ 1 ಸೆಂ.ಮೀ.ಗೆ ಫೋಕಸ್ ಮಾಡುತ್ತದೆ. ನಿಮ್ಮದು ಯಾವ ಜಾತಿ ಅಂತ ನೀವೇ ಪತ್ತೆ ಮಾಡಬೇಕು, ಒಂದು ಸಂಜೆಯ ಕೆಲಸ.

ಇಂದಿನ ಪೇಪರನ್ನು ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಅಳತೆ ಟೇಪು ಹಿಡಿಯಿರಿ. ಝೂಮ್ ಪೂರ್ತಿ ಹೊರಗಿಟ್ಟು ಲೆನ್ಸನ್ನು ಪೇಪರಿಗೆ ತಾಗುವಷ್ಟು ಹತ್ತಿರ ತನ್ನಿ. ಅರ್ಧ ಒತ್ತಿ ನೋಡುತ್ತಾ, ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಿರಿ. ಅಕ್ಷರ ಸ್ಪಷ್ಟವಾಗಿ ಚೌಕ ಹಸಿರಾದ ದೂರವನ್ನು ಬರೆದುಕೊಳ್ಳಿ. ಆ ದೂರದಲ್ಲಿ ಪೇಪರಿನ ಎಷ್ಟು ಅಗಲ ಚೌಕಟ್ಟಿನಲ್ಲಿ ಕಾಣುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಎರಡನೇ ಅಂಕಿಯೇ ಮುಖ್ಯ. ಆಮೇಲೆ ಝೂಮ್ ಸ್ವಲ್ಪ ಹೆಚ್ಚಿಸಿ ಮತ್ತೆ ಅದೇ ಕೆಲಸ. ಹೀಗೆ ನಾಲ್ಕೈದು ಝೂಮ್ ಜಾಗಗಳಿಗೆ ಮಾಡಿದರೆ ನಿಮ್ಮ ಕ್ಯಾಮೆರಾದ ಗುಟ್ಟು ಪೂರ್ತಿ ಕೈಗೆ ಬಂದ ಹಾಗೆ. ತುಂಬೆ ಹೂವಿನಷ್ಟು ಸಣ್ಣದಕ್ಕೆ ಯಾವ ಜಾಗ, ದಾಸವಾಳದಷ್ಟು ದೊಡ್ಡದಕ್ಕೆ ಯಾವ ಜಾಗ ಅಂತ ಆ ಚೀಟಿ ನೋಡಿದರೆ ಸಾಕು.

ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹೂವುಗಳು ತಡೆಬೇಲಿಯ ಆಚೆ ಇರುತ್ತವೆ. ಒಂದು ಸೆಂಟಿಮೀಟರ್ ಹತ್ತಿರ ಹೋಗುವ ಮಾತೇ ಇಲ್ಲ. ಝೂಮ್ ತುದಿಯ ಕನಿಷ್ಠ ದೂರ ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದು ಸುಲಭ.

ದೂರದಿಂದಲೇ ದೊಡ್ಡದಾಗಿ ತೆಗೆಯಬೇಕು, ಕ್ಯಾಮೆರಾ ಒಪ್ಪುತ್ತಿಲ್ಲ ಅಂದರೆ ಕ್ಲೋಸಪ್ ಲೆನ್ಸ್ ಅನ್ನುವ ಭೂತಗಾಜು ಇದೆ. ಅದರ ಲೆಕ್ಕ ಕನ್ನಡಕದ ಪವರ್‌ನದೇ. 100ನ್ನು ಪವರ್‌ನಿಂದ ಭಾಗಿಸಿ. ಕ್ಯಾಮೆರಾ ಅನಂತ ದೂರಕ್ಕೆ ಫೋಕಸ್ ಆಗಿದ್ದಾಗ ಅಷ್ಟು ಸೆಂಟಿಮೀಟರ್‌ನಲ್ಲಿರುವ ವಸ್ತು ಸ್ಪಷ್ಟವಾಗುತ್ತದೆ. +2 ಅಂದರೆ 50 ಸೆಂ.ಮೀ., +4 ಅಂದರೆ 25. ಈ ಗಾಜನ್ನು ತಿರುಪಿ ಕೂರಿಸಲು ಲೆನ್ಸಿನ ಬಾಯಿಗೆ ತಿರುಪಿನ ಗೆರೆ ಇಲ್ಲದ ಕ್ಯಾಮೆರಾ ಆದರೆ ಮನೆಯಲ್ಲಿರುವ ಓದುವ ಕನ್ನಡಕದ ಗಾಜನ್ನೇ ಮುಂದೆ ನೇರವಾಗಿ ಹಿಡಿದು ನೋಡಬಹುದು. ಅಂಚಿನಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಹೂವಿಗೆ ಅದು ಅಷ್ಟೇನೂ ಬಾಧಕವಲ್ಲ.

ಡಿಜಿಟಲ್ ಝೂಮ್ ಮಾತ್ರ ಆಫ್ ಮಾಡಿಡಿ. ಅದು ಇದ್ದದ್ದನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಹೊಸದಾಗಿ ಏನೂ ಕೊಡುವುದಿಲ್ಲ.

ಹಿಂದಿನ ಎಲೆ ಸೊಗಸು, ಹೂವು ಮಬ್ಬು

ಬೀಪ್ ಬಂತು, ಚೌಕ ಹಸಿರಾಯಿತು, ಆದರೆ ಫೋಕಸ್ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ. ಮುಟ್ಟಿದರೆ ಮುನಿ ಹೂವಿನ ಹಾಗೆ ನೂಲುನೂಲಾಗಿರುವ ಹೂವು, ತೆಳ್ಳಗಿನ ಹುಲ್ಲಿನ ಹೂವು ತೆಗೆಯುವಾಗ ಇದು ತಪ್ಪಿದ್ದಲ್ಲ.

ಕಾರಣ ಹೀಗಿದೆ. ಹೆಚ್ಚಿನ ಕಾಂಪ್ಯಾಕ್ಟ್ ಕ್ಯಾಮೆರಾಗಳು ಫೋಕಸ್ ಹುಡುಕುವುದು ಬೆಳಕು ಕತ್ತಲಿನ ವ್ಯತ್ಯಾಸ ನೋಡಿ. ಚೌಕದೊಳಗೆ ಗೆರೆಗಳು ಎಲ್ಲಿ ಅತಿ ಗಡುಸಾಗಿ ಕಾಣುತ್ತವೋ ಅಲ್ಲಿ ನಿಲ್ಲುತ್ತವೆ. ಎಸಳು ನುಣುಪು, ಒಂದೇ ಬಣ್ಣ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಹಿಂದಿನ ಗೋಡೆಯ ಬಿರುಕು, ಎಲೆಯ ನರ ಅದಕ್ಕೆ ಚೆನ್ನಾಗಿ ಸಿಗುತ್ತದೆ. ನಿಮಗೆ ಹೂವು ಬೇಕಿತ್ತು ಅಂತ ಅದಕ್ಕೆ ಗೊತ್ತಿಲ್ಲ.

ಮುಖ ಗುರುತಿಸುವ ಫೋಕಸ್, ತಾನೇ ಜಾಗ ಆರಿಸುವ ಬಹುಚೌಕದ ಫೋಕಸ್, ಎರಡನ್ನೂ ಆಫ್ ಮಾಡಿ. ನಡುವಿನ ಒಂದೇ ಚೌಕಕ್ಕೆ ಹಾಕಿ. ಚೌಕದ ಅಳತೆ ಕಿರಿದು ಮಾಡಲು ಬಂದರೆ ಮಾಡಿ. ಆ ಚೌಕವನ್ನು ಎಸಳಿನ ಮಧ್ಯಕ್ಕೆ ಇಡಬೇಡಿ. ಎಸಳಿನ ಅಂಚು, ಕೇಸರದ ಹಳದಿ ಪುಡಿ, ಎಸಳು ಮತ್ತು ತೊಟ್ಟು ಸೇರುವ ಜಾಗ, ಹೀಗೆ ಬಣ್ಣ ಬದಲಾಗುವ ಕಡೆ ಇಡಿ.

ಆದರೂ ಹಿಡಿಯದಿದ್ದರೆ ನನಗೆ ತುಂಬ ಇಷ್ಟವಾದ ಉಪಾಯ ಒಂದಿದೆ. ಹೂವಿನ ಪಕ್ಕದಲ್ಲಿ, ಅಷ್ಟೇ ದೂರದಲ್ಲಿ ನಿಮ್ಮ ಬೆರಳನ್ನು ಹಿಡಿಯಿರಿ. ಬೆರಳಿನ ಗೆರೆಗಳ ಮೇಲೆ ಬಟನ್ ಅರ್ಧ ಒತ್ತಿ. ಬೀಪ್ ಬಂದ ಮೇಲೆ ಬಟನ್ ಬಿಡದೆ ಬೆರಳು ತೆಗೆಯಿರಿ, ಹೂವನ್ನು ಅದೇ ದೂರದಲ್ಲಿ ಚೌಕಟ್ಟಿಗೆ ತಂದು ಪೂರ್ತಿ ಒತ್ತಿ. ಮಾನ್ಯುಯಲ್ ಫೋಕಸ್ ಇಲ್ಲದ ಕ್ಯಾಮೆರಾಗಳಿಗೂ ಇದು ನಡೆಯುತ್ತದೆ.

ಒಂದು ಎಚ್ಚರಿಕೆ. ಅರ್ಧ ಒತ್ತಿ ಹಿಡಿದು, ಕ್ಯಾಮೆರಾವನ್ನು ಓರೆ ತಿರುಗಿಸಿ ಚೌಕಟ್ಟು ಸರಿಮಾಡುವ ಅಭ್ಯಾಸ ಜನರ ಫೋಟೋಗೆ ಸರಿ. ಹೂವಿಗೆ ಇಷ್ಟು ಹತ್ತಿರದಲ್ಲಿ ಆ ಸಣ್ಣ ತಿರುವೇ ಫೋಕಸನ್ನು ತಪ್ಪಿಸುತ್ತದೆ. ತಿರುಗಿಸುವ ಬದಲು ಕ್ಯಾಮೆರಾವನ್ನು ಪಕ್ಕಕ್ಕೆ ಜಾರಿಸಿ.

ಕೇಸರ ಸಿಕ್ಕಿತು, ಎಸಳು ಹೋಯಿತು

ಇದು ದೋಷವೇ ಅಲ್ಲ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ. ಎಷ್ಟು ಅಂತ ಅಂಕಿಯಲ್ಲಿ ನೋಡಿದರೆ ಮನಸ್ಸಿಗೆ ಹತ್ತುತ್ತದೆ.

ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಒಳಗಿನ ಫಲಕ, ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಎಫ್ 4ರಲ್ಲಿ, 10 ಸೆಂ.ಮೀ. ಅಗಲದ ಜಾಗ, ಅಂದರೆ ಒಂದು ಪೂರ್ತಿ ದಾಸವಾಳ ಚೌಕಟ್ಟು ತುಂಬಿದಾಗ ಸ್ಪಷ್ಟ ಆಳ ಸುಮಾರು 1 ಸೆಂ.ಮೀ. ಇನ್ನೂ ಹತ್ತಿರ ಹೋಗಿ 3 ಸೆಂ.ಮೀ. ಅಗಲದ ಜಾಗ ಮಾತ್ರ ತುಂಬಿಸಿದರೆ ಆಳ ಸುಮಾರು 1 ಮಿ.ಮೀ.ಗೆ ಇಳಿಯುತ್ತದೆ. ದಾಸವಾಳದ ಕೇಸರದ ಕಂಬ ಎಸಳಿನಿಂದ ಹಲವು ಸೆಂಟಿಮೀಟರ್ ಮುಂದಿದೆ. ಮುಂದಿನಿಂದ ನೇರ ನೋಡಿದರೆ ಎರಡೂ ಒಟ್ಟಿಗೆ ಸಿಗುವುದು ಸಾಧ್ಯವೇ ಇಲ್ಲ.

ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದೇ ಎಫ್ 4ರಲ್ಲಿ ಅದೇ 10 ಸೆಂ.ಮೀ. ದಾಸವಾಳಕ್ಕೆ ಸಿಗುವ ಆಳ 2-3 ಮಿ.ಮೀ. ಮಾತ್ರ. ಸಣ್ಣ ಕ್ಯಾಮೆರಾ ಹೆಚ್ಚು ಆಳ ತೋರಿಸುತ್ತದೆ ಅಂತ ಮೊದಲು ಹೇಳಿದ್ದು ಇದಕ್ಕೇ.

ಇದಕ್ಕೆ ಮದ್ದು ಕೋನ. ಹೂವಿನ ಬದಿಗೆ ಬನ್ನಿ. ಕೇಸರದ ಕಂಬ ಕ್ಯಾಮೆರಾದ ಹಿಂಬದಿಗೆ ಸಮಾನಾಂತರವಾಗಿ ಬರಲಿ. ಆಗ ತುದಿಯ ಐದು ಕೆಂಪು ಗುಂಡಿಗಳಿಂದ ಬುಡದವರೆಗೆ ಎಲ್ಲವೂ ಒಂದೇ ದೂರದಲ್ಲಿರುತ್ತದೆ. ಸದಾಪುಷ್ಪದಂಥ ಚಪ್ಪಟೆ ಹೂವಾದರೆ ಉಲ್ಟಾ: ಸರಿಯಾಗಿ ಎದುರಿಗೆ ಬಂದು, ಕ್ಯಾಮೆರಾವನ್ನು ಹೂವಿನ ಮುಖಕ್ಕೆ ಸಮಾನವಾಗಿ ಹಿಡಿಯಿರಿ. ಇನ್ನೂ ಸಾಲದಿದ್ದರೆ ಒಂದಿಷ್ಟು ಹಿಂದೆ ಸರಿದು ತೆಗೆದು, ಆಮೇಲೆ ಸುತ್ತ ಕತ್ತರಿಸಿ. ಸ್ವಲ್ಪ ಹಿಂದೆ ಸರಿದರೂ ಆಳ ತುಂಬ ಹೆಚ್ಚುತ್ತದೆ.

ಎಫ್ ನಂಬರನ್ನು ದೊಡ್ಡದು ಮಾಡಿದರೆ ಆಳ ಹೆಚ್ಚುತ್ತದೆ ಅಂತ ಎಲ್ಲ ಕಡೆ ಓದುತ್ತೀರಿ. ಸಣ್ಣ ಸೆನ್ಸರಿನಲ್ಲಿ ಇದನ್ನು ಎಳೆದಾಡಬೇಡಿ. ಎಫ್ 8ಕ್ಕೆ ಹೋದರೆ ಬೆಳಕು ಆ ಪುಟ್ಟ ತೂತಿನಲ್ಲಿ ಹಾಯುವಾಗಲೇ ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತದೆ. ಎಫ್ 4, ಹೆಚ್ಚೆಂದರೆ ಎಫ್ 5.6 ಸಾಕು. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಎಫ್ 8 ಅಂತ ತೋರಿಸಿದರೂ ಒಳಗೆ ತೂತು ಕಿರಿದಾಗುವುದೇ ಇಲ್ಲ. ಒಂದು ಕಪ್ಪು ಗಾಜು ಅಡ್ಡ ಬರುತ್ತದೆ ಅಷ್ಟೆ. ಅದರಿಂದ ಬೆಳಕು ಕಡಿಮೆಯಾಗುತ್ತದೆ, ಆಳ ಇದ್ದಷ್ಟೇ ಇರುತ್ತದೆ.

ಗಾಳಿಯೋ, ಕೈಯೋ

ಅಲುಗಾಟ ಅಂತ ಗೊತ್ತಾಯಿತು. ಈಗ ಅದು ಯಾರದ್ದು ಅಂತ ತಿಳಿಯಬೇಕು. ಕ್ಯಾಮೆರಾವನ್ನು ಇಟ್ಟಿಗೆಯ ಮೇಲೋ, ಅಕ್ಕಿ ತುಂಬಿದ ಸಣ್ಣ ಚೀಲದ ಮೇಲೋ ಇಟ್ಟು 2 ಸೆಕೆಂಡಿನ ಟೈಮರ್ ಹಾಕಿ ಕೈ ಬಿಡಿ. ಫೋಟೋ ಸರಿಬಂದರೆ ಕೈ. ಆಗಲೂ ಹೂವು ಮಾತ್ರ ಎಳೆದ ಹಾಗಿದ್ದರೆ ಗಾಳಿ.

ಗಾಳಿಯ ಕಾಟ ಎಷ್ಟು ಅಂತ ಬರಿ ಕಣ್ಣಿಗೆ ತಿಳಿಯುವುದಿಲ್ಲ, ಲೆಕ್ಕ ಹಾಕಿ ನೋಡಬೇಕು. 3 ಸೆಂ.ಮೀ. ಅಗಲದ ಜಾಗ 4000 ಚುಕ್ಕಿಗಳಲ್ಲಿ ಮೂಡುತ್ತದೆ ಅಂತಿಟ್ಟುಕೊಳ್ಳಿ. ಹೂವು ಸೆಕೆಂಡಿಗೆ ಬರೀ 1 ಸೆಂ.ಮೀ. ವೇಗದಲ್ಲಿ ತೂಗುತ್ತಿದೆ. ಕಣ್ಣಿಗೆ ಅದು ನಿಂತ ಹಾಗೇ ಕಾಣುತ್ತದೆ. ಆದರೆ 1/100 ಸೆಕೆಂಡಿನಲ್ಲಿ ಅದು 13 ಚುಕ್ಕಿಗಳಷ್ಟು ಸರಿದುಬಿಡುತ್ತದೆ. ಎಸಳಿನ ಸಣ್ಣ ನರಗಳೆಲ್ಲ ಕಲಸಿಹೋಗಲು ಅಷ್ಟು ಸಾಕು. 1/1000ಕ್ಕೆ ಹೋದರೆ ಸುಮಾರು ಒಂದೇ ಚುಕ್ಕಿ.

ಹಾಗಾಗಿ ಶಟರ್ ಸ್ಪೀಡ್ ಏರಿಸಲು ಐಎಸ್‌ಒ ಏರಿಸಲು ಹಿಂಜರಿಯಬೇಡಿ. ಸಣ್ಣ ಸೆನ್ಸರಿನಲ್ಲಿ 400ಕ್ಕೆ ಕಾಳುಕಾಳು ಶುರುವಾಗುತ್ತದೆ ನಿಜ. ಕಾಳು ಬಂದ ಸ್ಪಷ್ಟ ಫೋಟೋವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ ನುಣುಪು ಫೋಟೋವನ್ನು ಯಾರಿಂದಲೂ ಸುಧಾರಿಸಲು ಆಗುವುದಿಲ್ಲ. ಶಟರ್ ಸ್ಪೀಡ್ ಕೈಯಾರೆ ಇಡಲು ಬಾರದ ಕ್ಯಾಮೆರಾದಲ್ಲಿ ಸ್ಪೋರ್ಟ್ಸ್ ಮೋಡ್ ಇದ್ದರೆ ಅದನ್ನು ಹಾಕಿ ನೋಡಿ. ಆದರೆ ಅದರಲ್ಲಿ ಮ್ಯಾಕ್ರೋ ನಡೆಯುತ್ತದಾ ಅಂತ ಮೊದಲು ಪರೀಕ್ಷಿಸಿ.

ಹೊತ್ತು ಮೂಡುವ ಮುಂಚೆ, ಮೂಡಿದ ಕೂಡಲೇ ಗಾಳಿ ಕಡಿಮೆ. ದಾಸವಾಳ ಅರಳಿದ ದಿನವೇ ಬಾಡುವ ಹೂವು, ಬೆಳಿಗ್ಗೆಯೇ ಅದರ ಚೆಲುವು. ಹೊರಗೆ ಗಾಳಿ ನಿಲ್ಲದಿದ್ದರೆ ಗಾಳಿ ಬರುವ ಕಡೆಗೆ ಒಂದು ರಟ್ಟು ನಿಲ್ಲಿಸಿ. ತೊಟ್ಟಿನ ಪಕ್ಕ ಒಂದು ಕಡ್ಡಿ ನೆಟ್ಟು, ಬಟ್ಟೆ ಕ್ಲಿಪ್ಪಿನಿಂದ ಮೆಲ್ಲಗೆ ಹಿಡಿಸಬಹುದು. ಹೂವು ಕಿತ್ತು ಒಳಗೆ ತರುವುದು ನನಗೆ ಒಗ್ಗುವುದಿಲ್ಲ, ಅದರಲ್ಲೂ ಕಾಡಿನ ಹೂವನ್ನು. ಮುಂಗಾರಿನ ಶುರುವಿನಲ್ಲಿ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯನ್ನು ಒಂದು ಫೋಟೋಗಾಗಿ ಕಿತ್ತರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಕಾಯಿರಿ. ಗಾಳಿ ಬೀಸುತ್ತಾ ಬೀಸುತ್ತಾ ಒಂದು ಕ್ಷಣ ನಿಲ್ಲುತ್ತದೆ. ಬರ್ಸ್ಟ್ ಮೋಡ್‌ನಲ್ಲಿ ನಾಲ್ಕೈದು ಫೋಟೋ ಸಾಲಾಗಿ ತೆಗೆದರೆ ಅವುಗಳಲ್ಲಿ ಒಂದಾದರೂ ಆ ಕ್ಷಣಕ್ಕೆ ಸಿಗುತ್ತದೆ.

ಕೈ ಅಲುಗಾಟದ ವಿಚಾರದಲ್ಲಿ, ಕ್ಯಾಮೆರಾದಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಹೆಚ್ಚಿನವು ಕ್ಯಾಮೆರಾ ಓರೆಯಾಗುವುದನ್ನು ಮಾತ್ರ ಸರಿಪಡಿಸುತ್ತವೆ. ಹತ್ತಿರದ ಫೋಟೋದಲ್ಲಿ ಕ್ಯಾಮೆರಾ ಮೇಲೆ ಕೆಳಗೆ, ಅಕ್ಕಪಕ್ಕ ಸರಿಯುವುದೇ ದೊಡ್ಡ ತೊಂದರೆ. ಮೊಣಕೈ ನೆಲಕ್ಕೋ ಮೊಣಕಾಲಿಗೋ ಊರಿ.

ಕೆಂಪು ದಾಸವಾಳ ಬಣ್ಣದ ಮುದ್ದೆಯಾಯಿತು

ಫೋಕಸ್ ಸರಿಯಿದೆ, ಕೇಸರದ ಪರಾಗ ಒಂದೊಂದೂ ಎಣಿಸಬಹುದು. ಆದರೆ ಎಸಳಿನಲ್ಲಿ ನರವಿಲ್ಲ, ಮಡಿಕೆಯಿಲ್ಲ. ಕೆಂಪು ಬಣ್ಣ ಬಳಿದ ಹಾಗೆ ಚಪ್ಪಟೆ. ಇದನ್ನು ಫೋಕಸ್ ದೋಷ ಅಂದುಕೊಂಡು ಪದೇ ಪದೇ ಫೋಕಸ್ ಮಾಡುತ್ತಾ ಬೆಳಿಗ್ಗೆಯೆಲ್ಲ ಕಳೆಯುವವರಿದ್ದಾರೆ.

ಇಲ್ಲಿ ಕೆಟ್ಟಿರುವುದು ಎಕ್ಸ್‌ಪೋಷರ್, ಅಂದರೆ ಒಳಗೆ ಬಿಟ್ಟ ಬೆಳಕಿನ ಪ್ರಮಾಣ. ಸೆನ್ಸರಿನ ಚುಕ್ಕಿಗಳ ಮೇಲೆ ಬಣ್ಣದ ಜರಡಿ ಇರುತ್ತದೆ. ಪ್ರತಿ ನಾಲ್ಕು ಚುಕ್ಕಿಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಅವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಅದೇ. ಕೆಂಪು ದಾಸವಾಳದ ಬೆಳಕು ಬಹುಪಾಲು ಬೀಳುವುದು ಆ ಕಾಲುಭಾಗ ಚುಕ್ಕಿಗಳ ಮೇಲೆ. ಅವು ಬೇಗ ತುಂಬಿ ತುಳುಕುತ್ತವೆ. ಹಸಿರು, ನೀಲಿ ಚುಕ್ಕಿಗಳು ಹೆಚ್ಚುಕಡಿಮೆ ಖಾಲಿ. ಎಲ್ಲವನ್ನೂ ಸೇರಿಸಿ ಅಳೆಯುವ ಕ್ಯಾಮೆರಾಗೆ ಇನ್ನೂ ಬೆಳಕು ಸಾಲದು ಅಂತಲೇ ಅನ್ನಿಸುತ್ತದೆ. ತುಂಬಿ ತುಳುಕಿದ ಕಡೆ ನರವೂ ಒಂದೇ, ಎಸಳೂ ಒಂದೇ.

ಖಚಿತ ಮಾಡಿಕೊಳ್ಳಲು ಮೂರು ಬಣ್ಣಗಳ ಹಿಸ್ಟೋಗ್ರಾಂ (ಕತ್ತಲಿನಿಂದ ಬೆಳಕಿನವರೆಗೆ ಎಷ್ಟೆಷ್ಟು ಚುಕ್ಕಿಗಳಿವೆ ಅನ್ನುವ ಗುಡ್ಡದಂಥ ಚಿತ್ರ) ತೋರಿಸುವ ಕ್ಯಾಮೆರಾ ಆದರೆ ಕೆಂಪು ಗುಡ್ಡ ಬಲಗಡೆ ಗೋಡೆಗೆ ಒತ್ತಿಕೊಂಡಿದೆಯಾ ನೋಡಿ. ಬರೀ ಬಿಳಿ ಹಿಸ್ಟೋಗ್ರಾಂ ನಂಬಬೇಡಿ, ಅದು ಎಲ್ಲ ಸರಿಯಿದೆ ಅನ್ನುತ್ತದೆ. ಅದೂ ಇಲ್ಲದಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು, ಅಂದರೆ ಕೂಡಿಸು-ಕಳೆ ಚಿಹ್ನೆಯ ಬಟನ್ನನ್ನು, 0, ಮೈನಸ್ 0.7, ಮೈನಸ್ 1.3 ಇಟ್ಟು ಮೂರು ಫೋಟೋ ತೆಗೆಯಿರಿ. ಎರಡನೆಯದರಲ್ಲೋ ಮೂರನೆಯದರಲ್ಲೋ ನರಗಳು ಕಾಣಿಸಿಕೊಂಡರೆ ದೋಷ ಇದೇ.

ಬಣ್ಣದ ಸೆಟ್ಟಿಂಗ್ 'ವಿವಿಡ್' ಇದ್ದರೆ 'ನ್ಯೂಟ್ರಲ್' ಮಾಡಿ. ನೇರ ಬಿಸಿಲು ತಪ್ಪಿಸಿ. ಮನೆಯಲ್ಲಿರುವ ಬಿಳಿ ಪಂಚೆಯನ್ನು ಇಬ್ಬರು ಹೂವಿನ ಮೇಲೆ ಬಿಚ್ಚಿ ಹಿಡಿದರೆ ಬಿಸಿಲು ಎಷ್ಟು ಮೆದುವಾಗುತ್ತದೆ ನೋಡಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಡಿಫ್ಯೂಸರ್‌ಗಿಂತ ಇದು ಏನೂ ಕಡಿಮೆಯಿಲ್ಲ. ಚೆಂಡು ಹೂವು, ಕನಕಾಂಬರಕ್ಕೂ ಇದೇ ಮದ್ದು.

ಬಿಳಿ ಹೂವಿನ ಕಥೆ ಬೇರೆ. ಮಲ್ಲಿಗೆ ಚೌಕಟ್ಟು ತುಂಬ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ. ಆಗ ಪ್ಲಸ್ 0.7 ಕೊಡಿ. ಕಡು ಹಸಿರು ಎಲೆಗಳ ನಡುವೆ ಒಂದೇ ಮಲ್ಲಿಗೆ ಇದ್ದರೆ ಎಲೆ ನೋಡಿ ಬೆಳಕು ಏರಿಸಿ ಹೂವನ್ನು ಸುಟ್ಟುಬಿಡುತ್ತದೆ. ಆಗ ಮೈನಸ್.

ನೇರಳೆ ಹೂವು ನೀಲಿಯಾಗಿ ಬರುವುದು ಸಾಮಾನ್ಯ ದೂರು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದ್ದನ್ನು ನೋಡಿ ಬಂದವರು ತಮ್ಮ ಫೋಟೋ ತೆರೆದು ನೋಡಲಿ, ಕಣ್ಣಿಗೆ ಕಂಡ ಬಣ್ಣಕ್ಕೂ ಫೋಟೋದ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಅಂತ. ಮೋಡ, ನೆರಳಿನ ಬೆಳಕೇ ನೀಲಿ ಕಡೆಗೆ ವಾಲಿರುತ್ತದೆ, ಬಿಳಿ ಬಿಳಿಯಾಗೇ ಬರುವಂತೆ ಬಣ್ಣ ತಿದ್ದುವ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಪೂರ್ತಿ ತಿದ್ದುವುದಿಲ್ಲ. 'ಕ್ಲೌಡಿ' ಅಥವಾ 'ಶೇಡ್' ಹಾಕಿ. ಕಸ್ಟಮ್ ವೈಟ್ ಬ್ಯಾಲೆನ್ಸ್ ಇದ್ದರೆ ಹೂವಿನ ಜಾಗದಲ್ಲೇ ಬಿಳಿ ಹಾಳೆ ಹಿಡಿದು ಅಳೆಸಿ. ಅದೇ ಒಳ್ಳೆಯ ದಾರಿ. ಕಾಫಿ ತೋಟದ ಮರಗಳ ಅಡಿಯಲ್ಲಿ ತೆಗೆದದ್ದು ಹಸಿರು ಬಳಿದ ಹಾಗೆ ಬಂದರೂ ಬಿಳಿ ಹಾಳೆಯೇ ಗತಿ.

ಕೆಳಗಡೆ ಕಪ್ಪು ಅರ್ಧಚಂದ್ರ, ಅಥವಾ ಹೂವೇ ಬಿಳಿಚಿಕೊಂಡಿತು

ಎರಡಕ್ಕೂ ಕಾರಣ ಫ್ಲ್ಯಾಶ್. ಇಷ್ಟು ಹತ್ತಿರದಲ್ಲಿ ಮುಂದಕ್ಕೆ ಚಾಚಿದ ಲೆನ್ಸೇ ಫ್ಲ್ಯಾಶ್ ಬೆಳಕಿಗೆ ಅಡ್ಡ ಬಂದು ನೆರಳು ಬೀಳಿಸುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಆಟೋದಲ್ಲಿ ಬಿಡಬೇಡಿ. ಬೆಳಕು ಸಾಲದಿದ್ದರೆ ನೆರಳಿರುವ ಬದಿಗೆ ಬಿಳಿ ಥರ್ಮೋಕೋಲ್ ತುಂಡು ಹಿಡಿಯಿರಿ. ಫ್ಲ್ಯಾಶ್ ಇಲ್ಲದೆಯೂ ಹೂವಿನ ಮೇಲೆ ಕತ್ತಲೆ ಬಿದ್ದರೆ ಅದು ಕ್ಯಾಮೆರಾದ್ದೇ ನೆರಳು. 1 ಸೆಂ.ಮೀ. ದೂರದಲ್ಲಿ ಲೆನ್ಸ್ ಬೆಳಕನ್ನೇ ಮುಚ್ಚಿಬಿಡುತ್ತದೆ. ಹಿಂದೆ ಸರಿಯಿರಿ.

ರಾತ್ರಿ ಅರಳುವ ಬ್ರಹ್ಮಕಮಲಕ್ಕೆ ಏನು ಮಾಡುವುದು ಅಂತ ಕೇಳುತ್ತಾರೆ. ಎರಡು ಎಲ್‌ಇಡಿ ಟಾರ್ಚ್ ತೆಗೆದುಕೊಂಡು ಬಟರ್ ಪೇಪರ್ ಹೊದಿಸಿ. ಒಂದು ಬದಿಯಿಂದ, ಇನ್ನೊಂದು ಸ್ವಲ್ಪ ಹಿಂದಿನಿಂದ ಬೆಳಗಲಿ. ಹಿಂದಿನ ಬೆಳಕಿಗೆ ಆ ಎಸಳುಗಳು ಒಳಗಿಂದ ಬೆಳಗಿದ ಹಾಗೆ ಕಾಣುತ್ತವೆ. ಕ್ಯಾಮೆರಾ ಸ್ಟೂಲಿನ ಮೇಲೆ, 2 ಸೆಕೆಂಡಿನ ಟೈಮರ್, ಐಎಸ್‌ಒ 100. ಮನೆಯೊಳಗೆ ಕುಂಡದಲ್ಲಿದ್ದರೆ ಗಾಳಿಯ ಭಯವಿಲ್ಲ. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಚಿಂತೆಯಿಲ್ಲ, ಫ್ಯಾನ್ ಆಫ್ ಮಾಡಿದ್ದರೆ ಸಾಕು.

ಮಂಜು, ಚುಕ್ಕಿ, ಬೂಷ್ಟು

ಫೋಟೋ ಪೂರ್ತಿ ಬಿಳಿಚಿಕೊಂಡಿದೆ, ಹೊಳೆಯುವ ಜಾಗಗಳ ಸುತ್ತ ಪ್ರಭೆ ಇದೆ ಅಂದರೆ ಕ್ಯಾಮೆರಾ ಆನ್ ಮಾಡಿ, ಲೆನ್ಸಿನ ಗಾಜಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಬೆರಳಿನ ಗುರುತು, ಹನಿ, ಪುಡಿ ಎಲ್ಲ ಎದ್ದು ಕಾಣುತ್ತದೆ.

ಹೂವಿಗೆ ಅಷ್ಟು ಹತ್ತಿರ ಹೋದಾಗ ಪರಾಗ ಅಂಟುವುದು ಸಹಜ. ದಾಸವಾಳದ ಪರಾಗ ಅಂಟು. ಬೆರಳಿನಿಂದ ಒರೆಸಿದರೆ ಗಾಜಿಗೆಲ್ಲ ಬಳಿದುಕೊಳ್ಳುತ್ತದೆ. ಮೊದಲು ರಬ್ಬರ್ ಬ್ಲೋಯರ್‌ನಿಂದ ಊದಿ, ಆಮೇಲೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ.

ಎಸಿ ಕಾರಿನಿಂದ ಇಳಿದ ಕೂಡಲೇ ತೆಗೆದ ಫೋಟೋಗಳು ಮಾತ್ರ ಹೀಗಿದ್ದು, ಆಮೇಲಿನವು ಚೆನ್ನಾಗಿದ್ದರೆ ಅದು ಗಾಜಿನ ಮೇಲೆ ಕೂತ ತೇವ. ಕರಾವಳಿಯಲ್ಲಿ ಇದು ಬಹಳ. ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದೆ ಹಾಗೇ ಅರ್ಧ ಗಂಟೆ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ಎಲ್ಲ ಫೋಟೋಗಳಲ್ಲೂ ಒಂದೇ ಜಾಗದಲ್ಲಿ ಬೂದು ಚುಕ್ಕಿ ಇದೆಯಾ? ಖಾಲಿ ಆಕಾಶದ ಫೋಟೋ ತೆಗೆದು ನೋಡಿ. ಅಲ್ಲೂ ಅದೇ ಜಾಗದಲ್ಲಿ ಇದ್ದರೆ ದೂಳು ಸೆನ್ಸರಿನ ಮೇಲೆ ಸೇರಿದೆ. ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ ಇದು, ಮನೆಯಲ್ಲಿ ಏನೂ ಮಾಡಲಾಗದು.

ಟಾರ್ಚ್ ಬೆಳಕಿನಲ್ಲಿ ಗಾಜಿನ ಒಳಗಡೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾಗಳಿಗೆ ಬರುವ ಕಾಯಿಲೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಇಟ್ಟರೆ ಬರುವುದಿಲ್ಲ. ಬಂದಮೇಲೆ ಬೇಗ ರಿಪೇರಿಗೆ ಕೊಡಿ, ತಡಮಾಡಿದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ.

ರಿಪೇರಿಗೆ ಕೊಡುವಾಗ 'ಫೋಟೋ ಚೆನ್ನಾಗಿ ಬರ್ತಿಲ್ಲ' ಅಂತ ಮಾತ್ರ ಹೇಳಬೇಡಿ. ಗೋಡೆಯ ಪೇಪರಿನ ಫೋಟೋ, ಆಕಾಶದ ಫೋಟೋ ಎರಡನ್ನೂ ಕಾರ್ಡಿನಲ್ಲೇ ಇಟ್ಟು ತೋರಿಸಿ. ಕ್ಯಾಮೆರಾ ಅಲುಗದಂತೆ ಇಟ್ಟು, ಸರಿಯಾದ ದೂರದಲ್ಲಿ, ಹಗಲು ಬೆಳಕಿನಲ್ಲಿ ತೆಗೆದ ಪೇಪರಿನ ಒಂದು ಬದಿಯ ಅಕ್ಷರ ಮಾತ್ರ ಪ್ರತಿ ಸಲವೂ ಮಬ್ಬಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಬಹುಶಃ ಎಲ್ಲೋ ಬಿದ್ದಿದೆ. ಅದನ್ನು ಸರಿಮಾಡಲು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಹಳೆಯ ಕಾಂಪ್ಯಾಕ್ಟ್‌ಗಳಲ್ಲಿ ಇಡೀ ಲೆನ್ಸ್ ಭಾಗವನ್ನೇ ಬದಲಿಸಬೇಕಾಗುತ್ತದೆ, ಬಿಡಿಭಾಗ ಸಿಗುವುದೂ ಕಷ್ಟ.